ಸೋರಿಕೆಯ ನಿದಾನ

ನೀರು ಸೋರಿಹೋಗುವ ಸಂಕಟ ಎಂಥದೆಂಬದನ್ನು ನಮ್ಮ ಎಡೆದೊರೆ ಸೀಮೆಯ ಜನರಿಗೆ ಯಾರೂ ಕಲಿಸಬೇಕಾದದ್ದಿಲ್ಲ. 2024ನೆಯ ಇಸವಿಯ ಆಗಸ್ಟ್ 10ನೆಯ ತಾರೀಖಿನ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು ಬಾಗಿಲು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಹೊಳೆಯ ಪಾಲಾಗುವದನ್ನು ಕೇಳಿ, ಎಡದಂಡೆ ಕಾಲುವೆಯನ್ನೇ ನಂಬಿದ ಸಿಂಧನೂರು ಕಡೆಯ ರೈತರು ನಿದ್ದೆಗೆಟ್ಟರು. ಧುಮ್ಮಿಕ್ಕುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸಿ ಒಂದು ವಾರದೊಳಗಾಗಿ ಆ ಬಾಗಿಲನ್ನು ಮುಚ್ಚಿದ ಕುಶಲಿಗಳನ್ನು ನಾಡೆಲ್ಲ ಕೊಂಡಾಡಿತು. ಅದು ಲೋಕವೆಲ್ಲ ಕಂಡ ಸೋರಿಕೆ. ಕಂಡುದರಿಂದಲೇ ಅದಕ್ಕೆ ಪರಿಹಾರವೂ ಬೇಗನೆ ಒದಗಿತು.

ನಾನು ಬರೆಯಹೊರಟದ್ದು ಯಾರ ಕಣ್ಣಿಗೂ ಬೀಳದ ಇನ್ನೊಂದು ಸೋರಿಕೆಯನ್ನು ಕುರಿತು. ಅದು ಸೋರಿದ್ದು ಸಂತೆಕಲ್ಲೂರಿನ ನಮ್ಮ ಮನೆಯ ಹಳೆಯ ಜೀಪಿನಲ್ಲಿ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೋದಿ, ಮೂವತ್ತು ವರುಷಕ್ಕೂ ಮಿಕ್ಕಿ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದ ಮುದುಕನಿಗೆ ಯಂತ್ರದ ಗೊಡವೆ ಯಾಕೆಂದು ವಾಚಕರು ನಗಬಹುದು. ನಗಲಿ. ದೋಷವನ್ನು ಹುಡುಕುವ ಬಗೆ ಬೇರೆ, ದೋಷವನ್ನು ಮುಚ್ಚುವ ಬಗೆ ಬೇರೆ ಎಂಬ ಭೇದವನ್ನು ನಾನು ಗ್ರಂಥಗಳಲ್ಲಿ ಓದಿದ್ದೆನು. ಅದು ಮನಸ್ಸಿಗೆ ತಟ್ಟಿದ್ದು ಮಾತ್ರ ಆ ಜೀಪಿನ ಮುಂದೆ ಬಗ್ಗಿ ನಿಂತಾಗ.

ಯಂತ್ರದ ಸಂಗತಿಯನ್ನು ಮೊದಲು ಸಂಕ್ಷೇಪವಾಗಿ ಹೇಳುವೆನು. ಎಂಜಿನ್ನಿನ ಒಳಗೆ ಎಣ್ಣೆ ಉರಿದು ಹುಟ್ಟುವ ಉಷ್ಣವೆಲ್ಲವೂ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಬಾರದು. ಬಹುಭಾಗ ಹಾಗೆಯೇ ಉಳಿದು ಲೋಹವನ್ನು ಸುಡುವದು. ಆ ಉಷ್ಣವನ್ನು ಹೊತ್ತು ಹೊರಗೆ ಹಾಕುವ ಸಲುವಾಗಿ ಎಂಜಿನ್ನಿನ ಗೋಡೆಗಳ ನಡುವೆ ನೀರು ತಿರುಗುತ್ತಿರಬೇಕು. ನೀರಿನ ಪಂಪು ಅದನ್ನು ನೂಕುತ್ತದೆ. ಮುಂದಿರುವ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಅದು ಗಾಳಿಗೆ ತಣಿದು ತಿರುಗಿ ಒಳಕ್ಕೆ ಹೋಗುತ್ತದೆ. ಬರಿಯ ನೀರಿಗಿಂತ ಕೂಲಂಟು ಎಂಬ ದ್ರವವನ್ನು ಕೂಡಿಸಿದ ನೀರು ಉತ್ತಮ. ಅದು ತುಕ್ಕನ್ನು ತಡೆಯುವದು, 100 ಡಿಗ್ರಿಗೆ ಕುದಿಯದೆ ಇನ್ನೂ ಕೆಲವು ಡಿಗ್ರಿ ಕಾವನ್ನು ತಾಳುವದು. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಚದರ ಅಂಗುಲಕ್ಕೆ ಒಂದು ಪೌಂಡು ಒತ್ತಡ ಹೆಚ್ಚಿದರೆ ಕುದಿಯುವ ಹದವು ಸುಮಾರು ಒಂದೂವರೆ ಡಿಗ್ರಿ ಮೇಲೇರುವದು. ಹೀಗೆ ನೀರು, ಪಂಪು, ಮುಚ್ಚಳ, ಕೊಳವೆ ಇವೆಲ್ಲ ಒಂದು ಕೂಡುಕುಟುಂಬವಿದ್ದಂತೆ. ಒಬ್ಬನಲ್ಲಿ ಬಿರುಕು ಬಂದರೆ ಮನೆಯೆಲ್ಲ ಕುದಿಯುವದು.

ನಮ್ಮ ಜೀಪಿನಲ್ಲಿ ಎರಡು ವರುಷದಿಂದ ನೀರು ಕಡಿಮೆಯಾಗುತ್ತಿತ್ತು. ನಿಂತಾಗ ನೆಲದ ಮೇಲೆ ಒಂದು ಹನಿಯೂ ಕಾಣದು. ಲಿಂಗಸುಗೂರಿಗೆ ಹೋಗಿಬಂದರೆ ಒಂದು ತಂಬಿಗೆ ನೀರು ಮಾಯ. ಜೀಪನ್ನು ನಡಿಸುವ ನನ್ನ ತಮ್ಮನ ಮಗನು ಸೀಟಿನ ಹಿಂದೆ ಒಂದು ಕ್ಯಾನಿನಲ್ಲಿ ಬೋರವೆಲ್ಲಿನ ನೀರನ್ನಿಟ್ಟುಕೊಂಡು, ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಸುರಿಯುತ್ತಿದ್ದನು. ಕ್ರಮೇಣ ಅದು ಸ್ನಾನಸಂಧ್ಯೆಯಂತೆ ನಿತ್ಯಕರ್ಮವೇ ಆಗಿಹೋಯಿತು. ನಾನೂ ಅದನ್ನು ದೋಷವೆಂದು ಎಣಿಸುವದನ್ನು ಬಿಟ್ಟುಬಿಟ್ಟೆನು. ಅಭ್ಯಾಸವೆಂಬದು ಇಂಥ ಮೋಸಗಾರ. ಯಾವ ಕೊರತೆಯನ್ನು ದಿನವೂ ತುಂಬುತ್ತೇವೋ ಅದು ಕೊರತೆಯೆಂಬುದೇ ಮರೆತುಹೋಗುವದು. ತುಂಬುವ ಶ್ರಮವನ್ನೇ ನಾವು ಕರ್ತವ್ಯವೆಂದು ಬಗೆದು ತೃಪ್ತಿಪಡುವೆವು.

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕನನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆವು. ಹಾದಿಯ ನಡುವೆ, ನಮ್ಮ ರಾಯಚೂರು ಸೀಮೆಯ ಆ ನಡುಹಗಲಿನ ಬಿಸಿಲಿನಲ್ಲಿ, ಜೀಪು ಕುದಿದು ನಿಂತಿತು. ಹುಡುಗನು ಅವಸರದಿಂದ ಮುಚ್ಚಳಕ್ಕೆ ಕೈಯಿಡಹೋದನು. ನಾನು ಅವನ ತೋಳನ್ನು ಹಿಡಿದೆಳೆದೆನು. ಕಾದ ಎಂಜಿನ್ನಿನ ಮುಚ್ಚಳವನ್ನು ತೆರೆದರೆ ಹಬೆ ಚಿಮ್ಮಿ ಮುಖ ಬೇಯುವದು. ಕಾದ ಲೋಹಕ್ಕೆ ತಣ್ಣೀರು ಹೊಯ್ದರೆ ಲೋಹವೇ ಸೀಳುವದುಂಟು. ಕೋಪಗೊಂಡ ಮನುಷ್ಯನಿಗೆ ಆ ಗಳಿಗೆಯಲ್ಲಿಯೇ ಬುದ್ಧಿ ಹೇಳಹೋಗುವವರು ಈ ಎರಡೂ ತಪ್ಪನ್ನು ಕೂಡಿಯೇ ಮಾಡುತ್ತಾರೆ. ಇರಲಿ, ತಣಿಯುವ ತನಕ ಕಾಯಬೇಕಾಯಿತು. ಎಪ್ಪತ್ತು ದಾಟಿದ ರೋಗಿಯಾದ ಅಕ್ಕ ಒಂದು ತಾಸು ಬೇವಿನ ಮರದ ಕೆಳಗೆ ಕೂತಳು. ಶಾಲೆಯ ಮೆಟ್ಟಿಲನ್ನು ಹತ್ತದ ಅವಳು ಆಗ ಕೇಳಿದ ಮಾತನ್ನು ಇದ್ದಂತೆಯೇ ಬರೆಯುವೆನು: “ತಮ್ಮಾ, ದಿನಾ ನೀರು ಹಾಕತೀವಿ ಅಂತೀರಿ. ಹಾಕಿದ ನೀರು ಎಲ್ಲಿಗಿ ಹೋಗ್ತದ ಅಂತ ಒಬ್ಬರರೆ ಕೇಳೀರೇನು?”

ನಾನು ಉತ್ತರ ಕೊಡಲಿಲ್ಲ. ಕಾರ್ಯವಿದ್ದರೆ ಕಾರಣವಿರಲೇಬೇಕೆಂದು ಎಷ್ಟೋ ಮಕ್ಕಳಿಗೆ ಹೊಗೆ ಬೆಂಕಿಗಳ ದೃಷ್ಟಾಂತ ಕೊಟ್ಟು ಹೇಳಿದವನು ನಾನು. ಎರಡು ವರುಷ ಕಣ್ಣೆದುರಿಗೆ ನಡೆದ ಕಾರ್ಯಕ್ಕೆ ಕಾರಣವನ್ನು ಕೇಳುವ ಬುದ್ಧಿ ಮಾತ್ರ ನನಗೆ ಬಂದಿರಲಿಲ್ಲ.

ಊರಿಗೆ ತಿರುಗಿ ಬಂದ ಮೇಲೆ ನೆರೆಯವರು ಒಂದು ಉಪಾಯ ಹೇಳಿದರು: ರೇಡಿಯೇಟರಿನೊಳಗೆ ಒಂದು ಹಿಡಿ ಅರಿಶಿನ ಪುಡಿಯನ್ನು ಹಾಕಿರಿ, ಅದು ತಾನೇ ಹೋಗಿ ತೂತಿಗೆ ಕೂಡುವದು ಎಂದು. ಲಾರಿ ನಡಿಸುವವರು ಹಾದಿಯಲ್ಲಿ ದಿಕ್ಕುಗಾಣದಾಗ ಹೀಗೆ ಮಾಡುವದುಂಟು. ಆಪತ್ಕಾಲಕ್ಕೆ ಅದು ತಪ್ಪಲ್ಲ. ಆದರೆ ಆಪದ್ಧರ್ಮವನ್ನು ನಿತ್ಯಧರ್ಮ ಮಾಡಿಕೊಳ್ಳಬಾರದು. ತೂತು ಯಾವದೆಂದು ತಿಳಿಯದ ಪುಡಿಯು, ಕೆಟ್ಟ ತೂತಿಗೆ ಕೂಡುವಂತೆ ರೇಡಿಯೇಟರಿನ ಒಳ್ಳೆಯ ಕೊಳವೆಗೂ ಕೂಡುವದು. ವಿವೇಕವಿಲ್ಲದ ಔಷಧಕ್ಕೆ ರೋಗ ಆರೋಗ್ಯಗಳ ಭೇದವಿಲ್ಲ.

ಕಡೆಗೆ ಮಸ್ಕಿಯಲ್ಲಿರುವ ಒಬ್ಬ ಮಿಸ್ತ್ರಿಯ ಕಡೆಗೆ ಜೀಪನ್ನು ಒಯ್ದೆವು. ತಗಡಿನ ಸಣ್ಣ ಕೊಟ್ಟಿಗೆ, ಎಣ್ಣೆ ಕುಡಿದು ಕರಿದಾದ ನೆಲ. ಆತನು ನಮ್ಮನ್ನು ಬೆಂಚಿನ ಮೇಲೆ ಕುಳ್ಳಿರಿಸಿ, ಮೊದಲು ಯಾವದಕ್ಕೂ ಕೈಹಚ್ಚದೆ ಪ್ರಶ್ನೆಗಳನ್ನು ಕೇಳಿದನು. ನೀರು ಎಷ್ಟು ದಿನಕ್ಕೆ ಎಷ್ಟು ಕಡಿಮೆಯಾಗುತ್ತದೆ? ನಿಂತಾಗಲೋ, ನಡೆದಾಗಲೋ? ಹೊಗೆಯ ಬಣ್ಣವೇನು? ಬಳಿಕ ಅಳತೆಕಡ್ಡಿಯನ್ನೆಳೆದು ಎಂಜಿನ್ನಿನ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿದನು. ನೀರು ಬೆರೆತ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುವದು, ಇದು ಹಾಗಿರಲಿಲ್ಲ. ಹೊಗೆಕೊಳವೆಯಿಂದ ಬಿಳಿಯ ಹಬೆ ಬಾರದ್ದರಿಂದ ನೀರು ಉರಿಯುವ ಕೋಣೆಗೂ ಇಳಿಯುತ್ತಿಲ್ಲವೆಂದು ಹೇಳಿದನು. ಆಮೇಲೆ, ಎಂಜಿನ್ನು ಪೂರಾ ತಣ್ಣಗಾದ ಮೇಲೆ, ರೇಡಿಯೇಟರಿನ ಬಾಯಿಗೆ ಮುಳ್ಳಿನ ಮಾಪಕವುಳ್ಳ ಕೈಪಂಪನ್ನು ಕೂಡಿಸಿ 7 ಪೌಂಡಿನ ತನಕ ಗಾಳಿಯನ್ನೊತ್ತಿ ಸುಮ್ಮನೆ ಕೂತನು. ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಕಾಲು ತಾಸಿನಲ್ಲಿ 4ಕ್ಕೆ ಬಂದಿತು. ನೆಲದ ಮೇಲೆ ಹನಿಯಿಲ್ಲ. ಆದರೂ ಸೋರುತ್ತಿದೆಯೆಂಬದು ನಿಶ್ಚಯವಾಯಿತು.

ಇಲ್ಲಿ ನನಗೆ ನನ್ನ ಗುರುಗಳ ಪಾಠ ನೆನಪಾಯಿತು. ಒಂದು ಇದ್ದರೆ ಇನ್ನೊಂದು ಇರುವದು ಅನ್ವಯ. ಒಂದು ಇಲ್ಲದಿದ್ದರೆ ಇನ್ನೊಂದು ಇಲ್ಲದಿರುವದು ವ್ಯತಿರೇಕ. ಪ್ರಸಕ್ತವಾದ ಎಲ್ಲ ಪಕ್ಷಗಳನ್ನೂ ಒಂದೊಂದಾಗಿ ನಿಷೇಧಿಸಿ ಉಳಿದ ಒಂದನ್ನು ಗ್ರಹಿಸುವದು ಪರಿಶೇಷ. ಮಿಸ್ತ್ರಿಯು ಈ ಶಬ್ದಗಳನ್ನು ಕೇಳಿದವನಲ್ಲ. ಆದರೆ ಆತನು ಮುಚ್ಚಳವನ್ನು ಪರೀಕ್ಷಿಸಿ ಬಿಟ್ಟನು, ಮೇಲಿನ ಹೋಸು ಪೈಪನ್ನು ಹಿಚುಕಿ ನೋಡಿ ಬಿಟ್ಟನು, ಕೆಳಗಿನದನ್ನೂ ಬಿಟ್ಟನು, ರೇಡಿಯೇಟರಿನ ಬೆಸುಗೆಯ ಮೇಲೆಲ್ಲ ಒಣಬಟ್ಟೆಯನ್ನಾಡಿಸಿ, ಬಟ್ಟೆ ಒಣಗಿಯೇ ಬಂದುದರಿಂದ ಅದನ್ನೂ ಬಿಟ್ಟನು. ಉಳಿದದ್ದು ಪಂಪು. ಫ್ಯಾನಿನ ರೆಕ್ಕೆಯನ್ನು ಹಿಡಿದು ಅಲ್ಲಾಡಿಸಿದನು. ಅದು ಹಲ್ಲಿನಂತೆ ಅಲ್ಲಾಡಿತು. ಸಣ್ಣ ಕನ್ನಡಿಯನ್ನು ಕೆಳಗೆ ಹಿಡಿದು ಬೆಳಕು ಬಿಟ್ಟು, ನನ್ನನ್ನು ಕರೆದು ತೋರಿಸಿದನು. ಪಂಪಿನ ತಿರುಗುಗಂಬದ ಸುತ್ತ ತುಕ್ಕಿನ ಕೆಂಪುಗೆರೆ. ಅದರ ತುದಿಯಲ್ಲಿ ತೇವ. ಎಂಜಿನ್ನು ನಡೆಯುವಾಗ ಫ್ಯಾನು ಆ ತೇವವನ್ನು ತುಂತುರಾಗಿ ಬೀಸಿ ಎಸೆಯುವದು. ಬಿದ್ದದ್ದು ಕಾದ ಲೋಹದ ಮೇಲೆ ಆರಿಹೋಗುವದು. ನೆಲದ ಮೇಲೆ ಹನಿ ಕಾಣದ್ದರ ಗುಟ್ಟು ಇದು.

ಬಳಿಕ ಆತನು ಪಂಪಿನ ಹೊಟ್ಟೆಯ ಕೆಳಗೆ ಒಂದು ಗಂಟನ್ನು ಉಗುರಿನಿಂದ ಕೆರೆದನು. ಕಲ್ಲಿನಂತೆ ಗಟ್ಟಿಯಾದ ಅಂಟು ಸುಲಿದುಬಂದಿತು. ಅದರ ಅಡಿಯಲ್ಲಿ ಒಂದು ಸಣ್ಣ ತೂತು. “ಇದನ್ನ ಯಾರು ಮುಚ್ಚಿದ್ರು ರೀ?” ಎಂದು ಕೇಳಿದನು. ತೂತಿದ್ದ ಮೇಲೆ ಮುಚ್ಚಿದ್ದರಲ್ಲಿ ತಪ್ಪೇನೆಂದು ನಾನೆಂದೆನು. ಆತನು ನಕ್ಕು, “ಇದು ತೂತಲ್ರೀ ಮಾಸ್ತರ್ರೆ, ಪಂಪಿನ ಬಾಯಿ. ಬಾಯಿ ಮುಚ್ಚಿದ್ರ ಅದು ಒಳಗೊಳಗ ಸಾಯ್ತದ್ರಿ” ಎಂದನು.

ಅರ್ಥವನ್ನು ಆತನೇ ವಿವರಿಸಿದನು. ಪಂಪಿನಲ್ಲಿ ನೀರಿರುವ ಭಾಗ ಒಂದು, ಕಂಬವನ್ನು ಹೊತ್ತ ಬೇರಿಂಗಿನ ಭಾಗ ಇನ್ನೊಂದು. ನಡುವೆ ಒಂದು ಸೀಲು. ಸೀಲು ಎಂದಾದರೂ ಒಂದು ದಿನ ಸವೆಯಲೇಬೇಕು. ಸವೆದಾಗ ನೀರು ಬೇರಿಂಗಿನೊಳಗೆ ನುಗ್ಗಬಾರದೆಂದು, ಎರಡರ ನಡುವೆ, ಕೆಳಮುಖವಾಗಿ, ಪಂಪನ್ನು ಮಾಡಿದವರೇ ಈ ರಂಧ್ರವನ್ನು ಕೊರೆದಿಟ್ಟಿರುತ್ತಾರೆ. ಸವೆದ ಮೊದಲನೆಯ ದಿನವೇ ಅದು ಒಂದು ಹನಿಯನ್ನು ಕೆಡವಿ ಯಜಮಾನನಿಗೆ ಸುದ್ದಿ ಹೇಳುವದು. ಅದನ್ನು ಮುಚ್ಚಿದ್ದರಿಂದ ನೀರು ಬೇರಿಂಗನ್ನೇ ಹೊಕ್ಕು, ಅದರ ಜಿಡ್ಡನ್ನು ತೊಳೆದು, ತುಕ್ಕು ಹಿಡಿಸಿ, ಕಂಬವನ್ನು ಸಡಿಲುಮಾಡಿ, ಅದರ ಸುತ್ತಿನಿಂದ ಹೊರಬೀಳುವ ಹಾದಿಯನ್ನು ಮಾಡಿಕೊಂಡಿತ್ತು. ಇನ್ನು ಕೆಲವು ದಿನ ಹೀಗೆಯೇ ನಡಿಸಿದ್ದರೆ ಬೇರಿಂಗು ಒಡೆದು, ಫ್ಯಾನು ಮುಂದಕ್ಕೆ ವಾಲಿ ರೇಡಿಯೇಟರನ್ನೇ ಕೊಯ್ಯುತ್ತಿತ್ತು.

ಯಾರು ಮುಚ್ಚಿದರೆಂಬ ಪ್ರಶ್ನೆಗೆ ಉತ್ತರ ನನಗೆ ಆ ಕ್ಷಣದಲ್ಲಿ ಹೊಳೆಯಿತು. ಮೂರು ವರುಷದ ಹಿಂದೆ ದೀಪಾವಳಿಗೆ ಬೀಗರು ಬರುವವರಿದ್ದರು. ಜೀಪು ನಿಲ್ಲುವಲ್ಲಿ ಅಂಗಳದ ರಂಗೋಲಿಯ ಮೇಲೆ ದಿನವೂ ನಾಲ್ಕು ಹನಿ ಬಿದ್ದು ಕಲೆಯಾಗುತ್ತಿತ್ತು. ರಿಪೇರಿ ಮಾಡುವ ಒಬ್ಬನನ್ನು ಕರೆಯಿಸಿ, “ಏನಾದರೂ ಮಾಡು, ಹನಿ ಮಾತ್ರ ಬೀಳಬಾರದು” ಎಂದು ಅಪ್ಪಣೆ ಮಾಡಿದವನು ನಾನೇ. ಅವನು ಹೇಳಿದಂತೆ ಮಾಡಿದನು. ಹನಿ ನಿಂತಿತು, ಅಂಗಳ ಚೊಕ್ಕಟವಾಯಿತು, ನಾನು ಸಂತೋಷಪಟ್ಟೆನು. ದೋಷ ಅವನದಲ್ಲ. ಸೋರಿಕೆ ನಿಲ್ಲಲಿ ಎಂದು ನಾನು ಕೇಳಿರಲಿಲ್ಲ. ಸೋರುವದು ಕಾಣಿಸದಿರಲಿ ಎಂದು ಕೇಳಿದ್ದೆನು. ಕೇಳಿದ್ದೇ ದೊರಕಿತು.

ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣಕ್ಕೆ ‘ನಿದಾನ’ ಎಂದು ಹೆಸರು. ಚಿಕಿತ್ಸೆಯನ್ನು ಒಂದೇ ಮಾತಿನಲ್ಲಿ ಹೇಳುವದಾದರೆ ಅದು ನಿದಾನವನ್ನು ಪರಿವರ್ಜಿಸುವದು, ಅಂದರೆ ಕಾರಣವನ್ನು ದೂರಮಾಡುವದು, ಎಂಬದು ಸುಶ್ರುತನ ಮತ. ನಮ್ಮ ಕನ್ನಡದಲ್ಲಿ ಇದೇ ‘ನಿದಾನ’ ಶಬ್ದಕ್ಕೆ ಅವಸರಪಡದೆ ಇರುವದು ಎಂಬ ಅರ್ಥವೂ ರೂಢಿಯಾಗಿದೆ. ಮಹಾಪ್ರಾಣ ಕೂಡಿಸಿ ‘ನಿಧಾನ’ ಎಂದು ಬರೆದರೆ ಸಂಸ್ಕೃತದಲ್ಲಿ ಹೂಳಿಟ್ಟ ನಿಧಿ. ವೈಯಾಕರಣರು ಇವುಗಳ ವ್ಯುತ್ಪತ್ತಿ ಬೇರೆಬೇರೆಯೆಂದು ಹೇಳುವರು. ನಾನೂ ಹಾಗೆಯೇ ಹೇಳಿಕೊಟ್ಟವನು. ಆದರೆ ಮಸ್ಕಿಯ ಆ ಬೆಂಚಿನ ಮೇಲೆ ಕೂತಾಗ ಮೂರೂ ಅರ್ಥಗಳು ಒಂದೇ ಕಡೆಗೆ ಕೂಡಿದಂತೆ ತೋರಿತು. ಅವಸರಪಡದವನಿಗೆ ಕಾರಣವು ಸಿಕ್ಕುವದು; ಕಾರಣವು ಸಿಕ್ಕರೆ ಅದೇ ನಿಧಿ.

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಪಂಪಿನ ಬಾಯಿ ಎಂಬ ಮಾತು ನನ್ನನ್ನು ಬಿಡಲಿಲ್ಲ. ನಾನು ಮುಚ್ಚಿಸಿದ ಬಾಯಿ ಅದೊಂದೇ ಅಲ್ಲ.

ನಾನು ನೌಕರಿಯಲ್ಲಿದ್ದಾಗ ಒಂದು ಹಳ್ಳಿಯ ಶಾಲೆಯಲ್ಲಿ ಒಂದು ಕೋಣೆಯ ಮಾಳಿಗೆ ಸೋರುತ್ತಿತ್ತು. ಮೇಲಧಿಕಾರಿಗಳು ನೋಡಲು ಬರುವವರಿದ್ದರೆಂದು ನಾವು ಗೋಡೆಯ ಹಸಿಕಲೆಯ ಮೇಲೆ ಸುಣ್ಣ ಬಳಿಸಿದೆವು. ಅವರು ಬಂದು, ಕೋಣೆ ಸ್ವಚ್ಛವಾಗಿದೆಯೆಂದು ಮೆಚ್ಚಿದಾಗ, ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬನು ಎದ್ದು ನಿಂತು, “ಮಳಿ ಬಂದ್ರ ಸೋರ್ತದ್ರಿ ಸಾರ್” ಎಂದನು. ಕೇಳಿದವರು ನಕ್ಕರು. ಅವರು ಹೋದ ಬಳಿಕ ನಾನು ಆ ಹುಡುಗನನ್ನು ಎಲ್ಲರೆದುರು ಬೈದು, ಸಂಜೆಯ ತನಕ ಹೊರಗೆ ನಿಲ್ಲಿಸಿದೆನು. ಅವನು ಅಳಲಿಲ್ಲ, ತಾನು ಮಾಡಿದ ತಪ್ಪು ಯಾವದೆಂದು ತಿಳಿಯದವನಂತೆ ನನ್ನನ್ನು ನೋಡುತ್ತ ನಿಂತಿದ್ದನು. ಆ ಮಳೆಗಾಲದ ಒಂದು ರಾತ್ರಿ ಅದೇ ಕೋಣೆಯ ಮಾಳಿಗೆಯ ಗಾರೆ, ಒಂದು ಎತ್ತು ಮಲಗುವಷ್ಟು ಅಗಲ, ಮಕ್ಕಳು ಕೂಡುವ ಜಾಗದ ಮೇಲೆಯೇ ಕುಸಿದುಬಿತ್ತು. ರಾತ್ರಿಯಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಹುಡುಗನನ್ನು ಕರೆದು ಒಂದು ಮಾತು ಹೇಳಬೇಕೆಂದುಕೊಂಡೆನು. ನಾಳೆ ಹೇಳೋಣ, ನಾಡಿದ್ದು ಹೇಳೋಣವೆಂದು ದಿನ ಕಳೆದೆನು. ಅಷ್ಟರಲ್ಲಿ ಅವನ ತಂದೆತಾಯಿಗಳು ಗುಳೆ ಹೊರಟರು, ಅವನೂ ಹೋದನು. ಆ ಮಾತು ಇಂದಿಗೂ ನನ್ನಲ್ಲಿಯೇ ಉಳಿದಿದೆ.

ಹಾಗಾದರೆ ಕಂಡ ದೋಷವನ್ನೆಲ್ಲ ಬೀದಿಗೆ ಎಳೆಯಬೇಕೇ ಎಂದು ಕೆಲವರು ಕೇಳುವರು. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಸ್ಮೃತಿಕಾರರು ವಿಧಿಸಿದ್ದಾರೆ. ಮನೆಯ ಗುಟ್ಟನ್ನು ಕಾಪಾಡುವದು ಗೃಹಸ್ಥಧರ್ಮವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಆಕ್ಷೇಪವು ಹುಸಿಯಲ್ಲ. ಪರರ ಕುಂದನ್ನು ಹುಡುಕಿ ಸುಖಪಡುವವನಿಗೂ ಮಿಸ್ತ್ರಿಗೂ ಬಹಳ ಅಂತರವಿದೆ. ಒಬ್ಬನು ತೂತನ್ನು ಹುಡುಕುವದು ತೋರಿಸಿ ನಗುವದಕ್ಕೆ, ಇನ್ನೊಬ್ಬನು ಹುಡುಕುವದು ಸರಿಪಡಿಸುವದಕ್ಕೆ. ಇದರ ನಿರ್ಣಯವನ್ನು ಸಹ ನಾನು ಆ ರಂಧ್ರದಿಂದಲೇ ಪಡೆದೆನು. ಅದು ಸಣ್ಣದು. ಅದು ಕೆಳಮುಖವಾದದ್ದು. ಅದು ಹಾದಿಹೋಕರ ಮೇಲೆ ನೀರು ಚಿಮ್ಮದು. ಗಾಡಿಯನ್ನು ನೋಡಿಕೊಳ್ಳುವವನ ಅಂಗಳದಲ್ಲಿ ಮಾತ್ರ ಒಂದು ಹನಿ ಕೆಡವುವದು. ಸತ್ಯವನ್ನು ಹೇಳತಕ್ಕದ್ದು ಸರಿಪಡಿಸಲು ಶಕ್ತನಾದವನ ಮುಂದೆ, ಹದವರಿತು, ತಡಮಾಡದೆ. ಆ ಹುಡುಗನು ಮಾಡಿದ್ದಾದರೂ ಅದನ್ನೇ ಅಲ್ಲವೆ? ಮಾಳಿಗೆಯನ್ನು ರಿಪೇರಿ ಮಾಡಿಸಬಲ್ಲವರ ಮುಂದೆಯೇ ಅವನು ಹೇಳಿದ್ದನು. ದಯೆಯಿಂದ ಪರರ ಕುಂದನ್ನು ಮುಚ್ಚುವದು ಬೇರೆ. ಲಜ್ಜೆಯಿಂದ ತನ್ನ ಕುಂದನ್ನು ಹೇಳುವ ಬಾಯನ್ನು ಮುಚ್ಚಿಸುವದು ಬೇರೆ. ಮೊದಲನೆಯದು ಗುಣ. ಎರಡನೆಯದನ್ನು ನಾವು ಮರ್ಯಾದೆ ಎಂದು ಕರೆಯುತ್ತೇವೆ, ಅದು ಅಂಟು.

ಕಟ್ಟುವದರಲ್ಲಿ ಬಲ್ಲವರು ಈ ತತ್ತ್ವವನ್ನು ಮರೆತವರಲ್ಲ. ಮಣ್ಣನ್ನು ತಡೆಹಿಡಿಯುವ ಕಲ್ಲುಗೋಡೆಗಳಲ್ಲಿ, ಸೇತುವೆಯ ಪಕ್ಕದ ಗೋಡೆಗಳಲ್ಲಿ, ಸಾಲಾಗಿ ಸಣ್ಣ ತೂತುಗಳನ್ನು ಬಿಟ್ಟಿರುವದನ್ನು ವಾಚಕರು ಕಂಡಿರಬಹುದು. ಹಿಂದೆ ನಿಂತ ನೀರು ಅವುಗಳಿಂದ ಹೊರಬೀಳದಿದ್ದರೆ ಗೋಡೆಯೇ ಉರುಳುವದು. ಗೋಡೆ ನಿಂತಿರುವದು ಕಲ್ಲಿನ ಬಲದಿಂದಷ್ಟೇ ಅಲ್ಲ, ಆ ತೂತುಗಳ ಉಪಕಾರದಿಂದಲೂ ಅಹುದು. ಮನೆಗೂ, ಶಾಲೆಗೂ, ರಾಜ್ಯಕ್ಕೂ ಈ ಮಾತು ಸಲ್ಲುವದು.

ರಾಜ್ಯವೆಂದಾಗ ಮಸ್ಕಿಯ ಬಂಡೆಯನ್ನು ನೆನೆಯದಿರಲಾರೆನು. ಜೀಪು ಸಿದ್ಧವಾಗಲು ಮರುದಿನದ ತನಕ ಹೊತ್ತು ಹಿಡಿಯುವದೆಂದು ತಿಳಿದು, ನಾನು ಸಂಜೆಯ ಹೊತ್ತು ಅಶೋಕನ ಶಾಸನವಿರುವ ಗುಡ್ಡದ ಕಡೆಗೆ ನಡೆದೆನು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ ಎಂಬವರು ಕಂಡುಹಿಡಿದ ಶಾಸನವಿದು. ದೇವಾನಾಂಪ್ರಿಯ ಎಂಬ ಬಿರುದಿನ ಅರಸನು ಅಶೋಕನೇ ಎಂಬದು ಹೆಸರಿನಿಂದಲೇ ಮೊದಲು ತಿಳಿದುಬಂದದ್ದು ಇಲ್ಲಿ. ಇದೇ ಕಿರುಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ತಾನು ಎರಡೂವರೆ ವರುಷಕ್ಕೂ ಮಿಕ್ಕಿ ಉಪಾಸಕನಾಗಿದ್ದರೂ ಒಂದು ವರುಷ ಸಾಕಷ್ಟು ಶ್ರಮಪಡಲಿಲ್ಲವೆಂದು ಅರಸನು ಅದರಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಕಳಿಂಗದ ಯುದ್ಧವನ್ನು ಕುರಿತ ಪಶ್ಚಾತ್ತಾಪವನ್ನೂ ಅವನು ತನ್ನ 13ನೆಯ ಬಂಡೆಶಾಸನದಲ್ಲಿ ಬರೆಯಿಸಿದನು. ತನ್ನ ಗೆಲವನ್ನು ಕಲ್ಲಿನಲ್ಲಿ ಕೊರೆಯಿಸಿದ ಅರಸರು ನಮ್ಮ ನಾಡಿನಲ್ಲಿ ನೂರಾರು. ತನ್ನ ಕೊರತೆಯನ್ನು ಕೊರೆಯಿಸಿದವನು ಎಲ್ಲಿ ಸಿಕ್ಕುವನು? ಎರಡು ಸಾವಿರ ವರುಷಕ್ಕೂ ಮಿಕ್ಕಿ ಆ ಮಾತು ಉಳಿದುಬಂದಿದೆ. ಕೊರತೆಯನ್ನು ಒಪ್ಪಿಕೊಂಡದ್ದರಿಂದ ಅವನ ಮರ್ಯಾದೆ ಕಡಿಮೆಯಾಯಿತೆಂದು ಯಾರೂ ಹೇಳಲಾರರು.

ಮರುದಿನ ಮಿಸ್ತ್ರಿಯು ಹೊಸ ಪಂಪನ್ನು ಕೂಡಿಸಿ, ಬೋರವೆಲ್ಲಿನ ನೀರಿನ ಸುಣ್ಣ ಕಟ್ಟಿದ ಒಳಗನ್ನೆಲ್ಲ ತೊಳೆದು, ಕೂಲಂಟನ್ನು ತುಂಬಿ, ಒಳಗಿನ ಗಾಳಿ ಹೋಗುವ ತನಕ ಎಂಜಿನ್ನನ್ನು ನಡಿಸಿದನು. ತಣಿದ ಮೇಲೆ ತಿರುಗಿ 7 ಪೌಂಡು ಒತ್ತಿ ಅರ್ಧ ತಾಸು ಕಾದನು. ಮುಳ್ಳು ಅಲ್ಲಾಡಲಿಲ್ಲ. ಹೊರಡುವಾಗ, “ಆ ಬಾಯಿ ಮ್ಯಾಲ ಕಣ್ಣಿರ್ಲಿ ರೀ ಮಾಸ್ತರ್ರೆ” ಎಂದಷ್ಟೇ ಹೇಳಿದನು.

ಈಗ ಬೆಳಿಗ್ಗೆ ಎದ್ದೊಡನೆ ನಾನು ಜೀಪಿನ ಕೆಳಗಿನ ನೆಲವನ್ನು ನೋಡುವದುಂಟು. ಅದು ಒಣಗಿದೆ. ಎಂದಾದರೂ ಒಂದು ದಿನ ಈ ಸೀಲೂ ಸವೆಯುವದು. ರಂಗೋಲಿಯ ಮೇಲೆ ಹನಿ ಬೀಳುವದು. ಅಂಗಳ ಕೆಟ್ಟಿತೆಂದು ಈ ಸಲ ಅನ್ನಲಾರೆನು. ಆ ಹುಡುಗನು ಈಗ ನಡುವಯಸ್ಸಿನವನಾಗಿರಬೇಕು, ಎಲ್ಲಿದ್ದಾನೋ ತಿಳಿಯದು. ಅವನ ಮನೆಯಲ್ಲಿಯೂ ಮಕ್ಕಳಿರಬಹುದು. ಅವರಲ್ಲೊಬ್ಬನು ಎದ್ದು ನಿಂತು ಮಾಳಿಗೆ ಸೋರುತ್ತದೆಂದು ಹೇಳಿದರೆ, ಕೇಳುವವರು ಮಗುವನ್ನು ನೋಡಿ ನಗದೆ, ಒಮ್ಮೆ ತಲೆಯೆತ್ತಿ ಮಾಳಿಗೆಯನ್ನು ನೋಡಲಿ ಎಂಬದೇ ನನ್ನ ಪ್ರಾರ್ಥನೆ.